ಸ್ಮಶಾನದ ಸ್ಥಳವೂ ಸ್ಮಶಾನದ ಪುಸ್ತಕವೂ: ಗ್ರಾಮಸ್ಥರು ಅನುಸರಿಸಬೇಕಾದ ಕ್ರಮ

“ಹುಣಸೆಮರದಿಂದ ಮೂಡಲಕ್ಕೆ ಮೂರನೆಯದು ನಮ್ಮಪ್ಪನ ಸಮಾಧಿ” ಎಂಬ ಒಂದೇ ಗುರುತನ್ನು ಮನಸ್ಸಿನಲ್ಲಿಟ್ಟುಕೊಂಡು, ಇಪ್ಪತ್ತು ವರ್ಷಗಳ ಮೇಲೆ ತಾಯಿಯ ಶವವನ್ನು ಹೊತ್ತುತಂದ ಮಕ್ಕಳು, ಆ ಮರವೇ ಇಲ್ಲದ ಬಯಲಿನಲ್ಲಿ ದಿಕ್ಕು ತೋರದೆ ನಿಂತುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅಂದಾಜಿನ ಮೇಲೆ ಒಂದೆಡೆ ಗುಣಿ ತೋಡತೊಡಗಿದರು. ಮೂರಡಿ ಇಳಿಯುವಷ್ಟರಲ್ಲಿ ಗುದ್ದಲಿಗೆ ಎಲುಬು ತಾಕಿತು. ಅದು ತಮ್ಮ ಮನೆಯ ಹಿರಿಯರದೆಂದು ಮತ್ತೊಂದು ಮನೆತನದವರು ಓಡಿಬಂದರು. ಹೊತ್ತು ಮುಳುಗಿದರೂ ಮಣ್ಣಿನ ಕಾರ್ಯ ಮುಗಿಯಲಿಲ್ಲ. ಅಂದು ಎರಡು ಮನೆಗಳ ನಡುವೆ ಹುಟ್ಟಿದ ವೈಮನಸ್ಯ ಇಂದಿಗೂ ಆರಿಲ್ಲ. ಇದರಲ್ಲಿ ಯಾರೊಬ್ಬರ ದುರುದ್ದೇಶವೂ ಇರಲಿಲ್ಲ. ಇಲ್ಲದೆ ಇದ್ದುದು ನೂರು ಹಾಳೆಯ ಒಂದು ಪುಸ್ತಕ ಮತ್ತು ನೆಲದಲ್ಲಿ ಹೂತ ಎರಡು ಕಲ್ಲು. ಇವೆರಡನ್ನು ಊರವರು ತಾವೇ ಹೇಗೆ ಏರ್ಪಡಿಸಿಕೊಳ್ಳಬಹುದೆಂಬುದನ್ನು ತಿಳಿಸುವುದೇ ಈ ಲೇಖನದ ಉದ್ದೇಶ.

ನಾನು ಬರೆಯುತ್ತಿರುವುದು ಚನ್ನರಾಯಪಟ್ಟಣದ ಸೀಮೆಯನ್ನು ಮುಂದಿಟ್ಟುಕೊಂಡು. ಆ ಹೆಸರೆಂದೊಡನೆ ಹಾಸನ ಜಿಲ್ಲೆಯ ಊರನ್ನು ನೆನೆಯುವವರೇ ಹೆಚ್ಚು; ನಾನು ಹೇಳುತ್ತಿರುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯ ದೇವನಹಳ್ಳಿ ತಾಲ್ಲೂಕಿನ ಹೋಬಳಿಕೇಂದ್ರವಾದ ಚನ್ನರಾಯಪಟ್ಟಣವನ್ನು. 2008ರಲ್ಲಿ ವಿಮಾನ ನಿಲ್ದಾಣವು ತೆರೆದಂದಿನಿಂದ ಈ ಸೀಮೆಯಲ್ಲಿ ಗುಂಟೆಗುಂಟೆಗೂ ಬೆಲೆ ಬಂದಿದೆ. ಈ ಹೋಬಳಿಯ ಹದಿಮೂರು ಗ್ರಾಮಗಳ 1,777 ಎಕರೆ ಭೂಮಿಯನ್ನು ಕೈಗಾರಿಕೆಗಾಗಿ ಸ್ವಾಧೀನಪಡಿಸಿಕೊಳ್ಳುವುದರ ವಿರುದ್ಧ ರೈತರು 2022ರಿಂದ ಹೋರಾಡಿದುದನ್ನೂ, 2025ರ ಜುಲೈ 15ರಂದು ಸರ್ಕಾರವು ಆ ಪ್ರಯತ್ನವನ್ನು ಕೈಬಿಡುವುದಾಗಿ ಪ್ರಕಟಿಸಿದುದನ್ನೂ ವಾಚಕರು ಬಲ್ಲರು. ಬದುಕಿರುವವರ ಭೂಮಿಗೆ ಪಹಣಿಯುಂಟು, ಅದನ್ನು ಹಿಡಿದು ವಾದಿಸುವ ಒಡೆಯರುಂಟು. ಮಡಿದವರ ಭೂಮಿಯ ಪರವಾಗಿ ಮಾತನಾಡಬೇಕಾದುದು ಕಾಗದವೊಂದೇ. ಆದುದರಿಂದ ಕಾಗದದಿಂದಲೇ ಪ್ರಾರಂಭಿಸೋಣ.

ಮೊದಲು ನಿಮ್ಮ ಊರಿನ ಸ್ಮಶಾನದ ಸರ್ವೆ ನಂಬರನ್ನು ತಿಳಿದುಕೊಂಡು ಅದರ ಪಹಣಿಯನ್ನು ತೆಗೆಸಿರಿ. ಪಹಣಿಯ ಮೂರನೆಯ ಅಂಕಣದಲ್ಲಿ ಒಟ್ಟು ವಿಸ್ತೀರ್ಣದ ಕೆಳಗೆ ‘ಅ’ ಖರಾಬು, ‘ಬ’ ಖರಾಬು ಎಂಬ ಎರಡು ಬಾಬುಗಳಿರುತ್ತವೆ. ‘ಅ’ ಎಂದರೆ ಸಾಗುವಳಿಗೆ ಒದಗದ ನೆಲ. ‘ಬ’ ಎಂದರೆ ದಾರಿ, ಹಳ್ಳ, ಸ್ಮಶಾನಗಳಂತೆ ಸಾರ್ವಜನಿಕರಿಗಾಗಿ ಬಿಟ್ಟ ನೆಲ. ನಿಮ್ಮ ಸ್ಮಶಾನವು ‘ಬ’ ಬಾಬಿನಲ್ಲಿದೆಯೇ, ಒಂಬತ್ತನೆಯ ಮತ್ತು ಹನ್ನೊಂದನೆಯ ಅಂಕಣಗಳಲ್ಲಿ ‘ಸ್ಮಶಾನ’ವೆಂಬ ಪದವು ಎಲ್ಲಿಯಾದರೂ ಬಂದಿದೆಯೇ ಎಂದು ನೋಡಿರಿ. ಎಲ್ಲಿಯೂ ಇಲ್ಲವಾದರೆ, ತಲೆತಲಾಂತರದಿಂದ ಊರು ಅಲ್ಲಿ ಮಣ್ಣು ಮಾಡುತ್ತಿದ್ದರೂ ದಾಖಲೆಯ ದೃಷ್ಟಿಗೆ ಅದು ಬರಿಯ ಸರ್ಕಾರಿ ಬೀಳು. ನಾಳೆ ಅದು ಬೇರೊಂದು ಉದ್ದೇಶಕ್ಕೆ ಹೋದರೆ ತಡೆಯುವುದು ಕಷ್ಟ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 71ನೆಯ ಪ್ರಕರಣದಂತೆ ಸರ್ಕಾರಿ ಭೂಮಿಯನ್ನು ಸಾರ್ವಜನಿಕ ಉದ್ದೇಶಕ್ಕಾಗಿ ಕಾದಿರಿಸುವ ಅಧಿಕಾರವು ಜಿಲ್ಲಾಧಿಕಾರಿಗಳಿಗೆ ಇದೆ. ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ತಹಶೀಲ್ದಾರರ ಮೂಲಕ ಅರ್ಜಿಯನ್ನು ಕಳುಹಿಸಿರಿ. ಸ್ಮಶಾನವೇ ಇಲ್ಲದ ಗ್ರಾಮಗಳಿಗೆ ಸ್ಥಳವನ್ನು ಒದಗಿಸಬೇಕೆಂದು ರಾಜ್ಯದ ಉಚ್ಚ ನ್ಯಾಯಾಲಯವು 2019ರಲ್ಲಿ ಸರ್ಕಾರಕ್ಕೆ ಆದೇಶಿಸಿದುದನ್ನು ಅರ್ಜಿಯಲ್ಲಿ ಸ್ಮರಿಸುವುದು ಯುಕ್ತ.

ಎರಡನೆಯದಾಗಿ, ಹದ್ದುಬಸ್ತು. ನಾಡಕಚೇರಿಯಲ್ಲಿ ಅರ್ಜಿ ಕೊಟ್ಟು ಭೂಮಾಪಕರನ್ನು ಕರೆಯಿಸಿ, ಟಿಪ್ಪಣಿಗೂ ಗ್ರಾಮನಕ್ಷೆಗೂ ಹೊಂದುವಂತೆ ನಾಲ್ಕು ಮೂಲೆಗಳಲ್ಲಿಯೂ ಬಾಂದುಕಲ್ಲು ಹಾಕಿಸಿರಿ. ಅಕ್ಕಪಕ್ಕದ ಹಿಡುವಳಿದಾರರು ಆ ದಿನ ಸ್ಥಳದಲ್ಲಿದ್ದು ಸಹಿ ಮಾಡುವಂತೆ ನೋಡಿಕೊಳ್ಳಿರಿ. ಅವರಿಲ್ಲದ ವೇಳೆಯಲ್ಲಿ ನೆಟ್ಟ ಕಲ್ಲು ಮರುವರ್ಷದ ಉಳುಮೆಯಲ್ಲಿ ಮಾಯವಾಗುವುದು ಅಪರೂಪವಲ್ಲ. ಒತ್ತುವರಿಯು ಕಂಡುಬಂದರೆ ಊರವರು ತಾವೇ ಬೇಲಿ ಕೀಳಲು ಹೋಗದೆ, ಸರ್ವೆಯ ವರದಿಯನ್ನು ಮುಂದಿಟ್ಟುಕೊಂಡು ತಹಶೀಲ್ದಾರರಿಗೆ ಬರೆದುಕೊಳ್ಳತಕ್ಕದ್ದು.

ಇನ್ನು ಸ್ಥಳದ ವಿಂಗಡಣೆ. ಒಂದು ಗುಂಟೆಯೆಂದರೆ ಮೂವತ್ತಮೂರಡಿ ಉದ್ದ, ಮೂವತ್ತಮೂರಡಿ ಅಗಲ. ಒಂದು ಸಮಾಧಿಗೆ ಒಂಬತ್ತಡಿ ಉದ್ದ, ಐದಡಿ ಅಗಲದ ಜಾಗವನ್ನಿಟ್ಟು, ಎರಡು ಸಾಲುಗಳ ನಡುವೆ ಮೂರಡಿಯ ದಾರಿಯನ್ನು ಬಿಟ್ಟರೆ, ಉದ್ದದಲ್ಲಿ ಮೂರು ಸಾಲು. ಸಾಲಿಗೆ ಆರರಂತೆ ಇಟ್ಟು ಪಕ್ಕದಲ್ಲಿ ಮೂರಡಿ ಮಿಗಿಸಿದರೆ ಗುಂಟೆಗೆ ಹದಿನೆಂಟು ಸಮಾಧಿಗಳಾಗುತ್ತವೆ. ವರ್ಷಕ್ಕೆ ಹನ್ನೆರಡು ಮರಣಗಳಾಗುವ ಊರಿಗೆ ಇಪ್ಪತ್ತು ಗುಂಟೆಯ ಸ್ಮಶಾನವು ಈ ಕ್ರಮದಲ್ಲಿ ಮೂವತ್ತು ವರ್ಷ ಸಾಕು. ಕ್ರಮವಿಲ್ಲದೆ ಎಲ್ಲೆಂದರಲ್ಲಿ ತೋಡಿದರೆ ಅದರ ಅರ್ಧಕಾಲಕ್ಕೂ ಸಾಲದು. ಕುಳ್ಳಿರಿಸಿ ಸಮಾಧಿ ಮಾಡುವ ಸಂಪ್ರದಾಯದವರಿಗೆ ಉದ್ದ ಕಡಮೆ ಸಾಕಾದರೂ ಸಾಲು ಕೆಡದಿರಲೆಂದು ಅದೇ ಅಳತೆಯ ಜಾಗವನ್ನೇ ಕೊಡುವುದು ಲೇಸು.

ಸಾಲುಗಳಿಗೆ ಅ, ಆ ಎಂದು ಹೆಸರಿಡಬೇಡಿರಿ. ಅವಸರದ ಬರವಣಿಗೆಯಲ್ಲಿ ಒಂದು ಮತ್ತೊಂದಾಗಿ ಓದಿಸಿಕೊಳ್ಳುತ್ತದೆ. ಕ, ಗ, ಚ, ಜ ಎಂದು ಇಟ್ಟರೆ ಭ್ರಾಂತಿಗೆ ಎಡೆಯಿಲ್ಲ. ‘ಗ ಸಾಲು, ನಾಲ್ಕು’ ಎಂಬುದು ಆ ನೆಲದ ಸಂಖ್ಯೆಯೇ ಹೊರತು ಅಲ್ಲಿ ಮಲಗಿದವರ ಸಂಖ್ಯೆಯಲ್ಲ. ಒಮ್ಮೆ ಇಟ್ಟ ಮೇಲೆ ಅದನ್ನು ಎಂದಿಗೂ ಬದಲಿಸಕೂಡದು.

ನಾನು ಮುಖ್ಯವಾಗಿ ಹೇಳಬೇಕೆಂದಿರುವ ವಿಷಯಕ್ಕೆ ಈಗ ಬಂದೆ. ಪುಸ್ತಕವನ್ನು ಇಟ್ಟ ಊರುಗಳಲ್ಲಿಯೂ ನಾನು ಕಂಡ ದೊಡ್ಡ ತಪ್ಪು ಇದು: ಸಮಾಧಿಯ ಸ್ಥಾನವನ್ನು ಮರದಿಂದಲೋ, ಬೇಲಿಯಿಂದಲೋ, ಹಿಂದಿನ ಸಮಾಧಿಯಿಂದಲೋ ಹೇಳುವುದು. ಮರವು ಸ್ಥಿರವೆಂದು ನಮ್ಮ ಮನಸ್ಸಿಗೆ ತೋರುತ್ತದೆ, ಏಕೆಂದರೆ ಅದು ನಮ್ಮ ಬಾಲ್ಯದಿಂದ ಅಲ್ಲಿದೆ. ಆದರೆ ನಾವು ಬರೆಯುತ್ತಿರುವುದು ನಮಗಾಗಿಯಲ್ಲ, ನಮ್ಮ ಮೊಮ್ಮಕ್ಕಳಿಗಾಗಿ. ಈ ಸೀಮೆಯ ಅನೇಕ ಸ್ಮಶಾನಗಳ ಎಲ್ಲೆಯಲ್ಲಿ ನೀಲಗಿರಿಯ ಸಾಲುಗಳಿದ್ದುವು. 2017ರಲ್ಲಿ ಸರ್ಕಾರವು ಹೊಸದಾಗಿ ನೀಲಗಿರಿ ಬೆಳೆಸುವುದನ್ನು ನಿಷೇಧಿಸಿದ ಮೇಲೆ, ಅಂತರ್ಜಲದ ಹಿತದೃಷ್ಟಿಯಿಂದ ನ್ಯಾಯವಾಗಿಯೇ, ಅವುಗಳಲ್ಲಿ ಎಷ್ಟೋ ಸಾಲುಗಳು ಬುಡಸಮೇತ ಹೋದುವು. ‘ನೀಲಗಿರಿ ಸಾಲಿನಿಂದ ಹತ್ತು ಮಾರು’ ಎಂದು ಬರೆದಿಟ್ಟ ಪುಟಗಳು ಅಂದಿಗೆ ನಿರರ್ಥಕವಾದುವು. ಬೇಲಿಯು ಪ್ರತಿ ಸಲ ಹೊಸದಾಗಿ ಕಟ್ಟುವಾಗ ಒಂದೆರಡಡಿ ಒಳಕ್ಕೆ ಸರಿಯುತ್ತದೆ. ಹಿಂದಿನ ಸಮಾಧಿಯ ಮಣ್ಣಿನ ದಿಬ್ಬವು ನಾಲ್ಕು ಮಳೆಗಾಲಗಳಲ್ಲಿ ನೆಲಸಮವಾಗುತ್ತದೆ. ಅದರಿಂದ ಅಳೆದ ಮುಂದಿನದು, ಮುಂದಿನದರಿಂದ ಅಳೆದ ಆಚೆಯದು, ಹೀಗೆ ಒಂದರ ದೋಷವು ಮತ್ತೊಂದಕ್ಕೆ ಸಂಕ್ರಮಿಸುತ್ತ ಹೋಗಿ ಹತ್ತನೆಯ ಸಮಾಧಿಯ ಹೊತ್ತಿಗೆ ಒಂದು ಸಾಲೇ ತಪ್ಪಿಹೋಗಿರುತ್ತದೆ.

ಕೈಯಲ್ಲಿ ಮೊಬೈಲ್ ಉಳ್ಳ ತರುಣರು ಜಿಪಿಎಸ್ ಗುರುತೇ ಸಾಕೆನ್ನುತ್ತಾರೆ. ಮೊಬೈಲಿನ ಗುರುತು ಬಯಲಿನಲ್ಲಿಯೂ ಹಲವು ಮೀಟರುಗಳಷ್ಟು ಹೆಚ್ಚುಕಡಮೆಯಾಗಬಲ್ಲದು. ಐದಡಿ ಅಗಲದ ಜಾಗಗಳು ಒತ್ತಾಗಿರುವಲ್ಲಿ ಅಷ್ಟು ಅಂತರವೆಂದರೆ ಎರಡು ಮೂರು ಮನೆತನಗಳ ಅಂತರ. ಸ್ಮಶಾನವು ಯಾವ ಸರ್ವೆ ನಂಬರಿನಲ್ಲಿದೆಯೆಂದು ತಿಳಿಯುವುದಕ್ಕೆ ದಿಶಾಂಕ್ ಆ್ಯಪ್ ಉಪಯುಕ್ತವಾದುದೇ. ಸಮಾಧಿಯನ್ನು ಹುಡುಕುವುದಕ್ಕೆ ಅದು ಸಾಧನವಲ್ಲ.

ಮಾಡಬೇಕಾದುದು ಇಷ್ಟೆ. ಸ್ಮಶಾನದ ಒಂದು ಅಂಚಿನಲ್ಲಿ, ಒಳಗಿನ ನೆಲವೆಲ್ಲ ಒಂದೇ ಪಕ್ಕಕ್ಕೆ ಬರುವಂತೆ, ಸುಮಾರು ನೂರಡಿ ದೂರದಲ್ಲಿ ಎರಡು ಕಗ್ಗಲ್ಲುಗಳನ್ನು ಮೂರಡಿ ಆಳಕ್ಕೆ ಹೂತು, ತಲೆಯ ಮೇಲೆ ೧, ೨ ಎಂದು ಕಡೆಸಿರಿ. ಕಲ್ಲಿಗೆ ಈ ತಾಲ್ಲೂಕಿನಲ್ಲಿ ಅಭಾವವಿಲ್ಲ. ಪ್ರತಿಯೊಂದು ಸಮಾಧಿಯ ತಲೆಯ ಕಡೆಯ ಮಧ್ಯಬಿಂದುವಿನಿಂದ ಒಂದನೆಯ ಕಲ್ಲಿಗೆ ಎಷ್ಟು ದೂರ, ಎರಡನೆಯ ಕಲ್ಲಿಗೆ ಎಷ್ಟು ದೂರ ಎಂದು ಟೇಪಿನಿಂದ ಅಳೆದು ಎರಡೂ ಅಂಕಿಗಳನ್ನು ಬರೆಯಿರಿ. ಕಲ್ಲುಗಳು ಅಂಚಿನಲ್ಲಿರುವ ಕಾರಣ, ಆ ಎರಡು ದೂರಗಳೂ ಕೂಡುವ ಬಿಂದುವು ಸ್ಮಶಾನದೊಳಗೆ ಒಂದೇ ಒಂದು; ಐವತ್ತು ವರ್ಷಗಳ ಮೇಲೆ ದಿಬ್ಬವೂ ಇಲ್ಲದೆ, ಕಂಡವರೂ ಇಲ್ಲದೆ ಹೋದರೂ, ಎರಡು ಟೇಪು ಹಿಡಿದ ಇಬ್ಬರು ಬಾಲಕರು ಐದು ನಿಮಿಷದಲ್ಲಿ ಅದನ್ನು ಕಂಡುಹಿಡಿಯಬಲ್ಲರು. ಒಂದೇ ಕಲ್ಲಿನಿಂದ ಅಳೆದರೆ ಪ್ರಯೋಜನವಿಲ್ಲ. ಅಡಿಯನ್ನೂ ಮೀಟರನ್ನೂ ಬೆರಸಿದರೆ ಅಪಾಯ. ಹಾಲುತುಪ್ಪದ ದಿನ ಅಳೆದರಾಯಿತೆಂದು ಬಿಡಬೇಡಿರಿ. ಮಣ್ಣು ಮುಚ್ಚಿದ ಗಳಿಗೆಯಲ್ಲಿಯೇ, ಗುಣಿ ತೋಡಿದವರು ಸ್ಥಳದಲ್ಲಿರುವಾಗಲೇ ಅಳೆಯಬೇಕು. ನಮ್ಮ ಊರಹೊರಗಿನ ವೀರಗಲ್ಲುಗಳನ್ನು ನೋಡಿರಿ: 1905ರಲ್ಲಿ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಒಂಬತ್ತನೆಯ ಸಂಪುಟದಲ್ಲಿ ಬೆಂಗಳೂರು ಜಿಲ್ಲೆಯ ಶಾಸನಗಳನ್ನು ಸಂಗ್ರಹಿಸಿದಾಗ, ಶತಮಾನಗಳ ಹಿಂದೆ ಮಡಿದವರ ಹೆಸರನ್ನು ಅವರಿಗೆ ಓದಿಹೇಳಿದುದು ಕಲ್ಲೇ ಹೊರತು ಮರವಲ್ಲ.

ಪುಸ್ತಕವು ಹೊಲಿದ ರಟ್ಟಿನದಾಗಿರಲಿ. ಪುಟಗಳಿಗೆ ಮೊದಲೇ ಸಂಖ್ಯೆ ಬರೆದು, ಪಂಚಾಯಿತಿಯ ಮೊಹರನ್ನು ಒತ್ತಿಸಿರಿ. ಅನುಕ್ರಮ ಸಂಖ್ಯೆ, ಮಣ್ಣು ಮಾಡಿದ ದಿನಾಂಕ, ಮೃತರ ಹೆಸರು, ತಂದೆಯ ಅಥವಾ ಪತಿಯ ಹೆಸರು, ವಯಸ್ಸು, ಊರು, ಸಾಲು ಮತ್ತು ಸಂಖ್ಯೆ, ಎರಡು ಕಲ್ಲುಗಳಿಂದ ದೂರ, ಮಲಗಿಸಿದುದೋ ಕುಳ್ಳಿರಿಸಿದುದೋ ದಹನವೋ, ತಲೆಯ ದಿಕ್ಕು, ಗುಣಿ ತೋಡಿದವರ ಹೆಸರು, ಮನೆಯವರ ಸಹಿ ಅಥವಾ ಹೆಬ್ಬೆಟ್ಟು, ಕೊನೆಯಲ್ಲಿ ಮರಣ ನೋಂದಣಿಯ ಸಂಖ್ಯೆ, ಇಷ್ಟು ಅಂಕಣಗಳು ಸಾಕು. ‘ಹಳೇಮನೆ ಅಜ್ಜಿ’, ‘ದೊಡ್ಡಪ್ಪ’ ಎಂದು ರೂಢಿಯ ಹೆಸರನ್ನು ಮಾತ್ರ ಬರೆಯದೆ, ಪಡಿತರ ಚೀಟಿಯಲ್ಲಿರುವಂತೆ ಪೂರ್ಣನಾಮವನ್ನೂ ಬರೆಯಿರಿ. ತಪ್ಪಾದರೆ ಒಂದು ಗೆರೆ ಎಳೆದು ಪಕ್ಕದಲ್ಲಿ ತಿದ್ದಿ ಸಹಿ ಮಾಡಿರಿ. ಅಳಿಸಿದ ಪುಸ್ತಕಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಜಾತಿಯ ಅಂಕಣವೊಂದನ್ನು ತೆರೆಯಬೇಕೆಂದು ಕೆಲವರು ಒತ್ತಾಯಿಸುವುದುಂಟು. ಸಾರ್ವಜನಿಕ ಸ್ಮಶಾನದ ಪುಸ್ತಕದಲ್ಲಿ ಅದಕ್ಕೆ ಸ್ಥಾನವಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆ ಅಂಕಣವು ಬಂದ ಮರುವರ್ಷವೇ ಸಾಲುಗಳೂ ಹಾಗೆಯೇ ಬೇರೆಬೇರೆಯಾಗುತ್ತವೆ, ಅದಾದ ಮೇಲೆ ಯಾರಿಗೋ ನೆಲವೇ ಇಲ್ಲವೆಂಬ ಮಾತು ಬರುತ್ತದೆ.

ಈ ಪುಸ್ತಕದಲ್ಲಿ ಹೆಸರು ಬರೆಸಿದೊಡನೆ ಮರಣವು ನೋಂದಣಿಯಾಯಿತೆಂದು ಭಾವಿಸಿ ಅನೇಕರು ಕೆಡುತ್ತಾರೆ. 1969ರ ಜನನ ಮರಣ ನೋಂದಣಿ ಅಧಿನಿಯಮದಂತೆ ಮರಣವನ್ನು 21 ದಿನಗಳೊಳಗೆ ನೋಂದಣಾಧಿಕಾರಿಗೆ ತಿಳಿಸಬೇಕು. ಮೂವತ್ತು ದಿನಗಳವರೆಗೆ ವಿಳಂಬಶುಲ್ಕದೊಡನೆ ಸಾಧ್ಯ. ಅಲ್ಲಿಂದ ಒಂದು ವರ್ಷದವರೆಗೆ ಮೇಲಧಿಕಾರಿಯ ಲಿಖಿತ ಅನುಮತಿ ಬೇಕು. ವರ್ಷ ಕಳೆದರೆ, 2023ರ ತಿದ್ದುಪಡಿಯ ಬಳಿಕ, ಜಿಲ್ಲಾ ದಂಡಾಧಿಕಾರಿ, ಉಪವಿಭಾಗ ದಂಡಾಧಿಕಾರಿ ಅಥವಾ ಜಿಲ್ಲಾ ದಂಡಾಧಿಕಾರಿಯಿಂದ ಅಧಿಕಾರ ಪಡೆದ ದಂಡಾಧಿಕಾರಿಯ ಆದೇಶ ಬೇಕು. ಪೌತಿಖಾತೆಗೆ ಓಡಾಡುವ ದಿನ ಬಂದಾಗ ಈ ಭೇದದ ಭಾರ ತಿಳಿಯುತ್ತದೆ. ಅದೇ ಅಧಿನಿಯಮದ 10ನೆಯ ಪ್ರಕರಣವು ಸ್ಮಶಾನದ ಪಾಲಕರ ಮೇಲೆಯೂ ಮರಣವನ್ನು ತಿಳಿಸುವ ಕರ್ತವ್ಯವನ್ನು ಹೊರಿಸಿದೆಯೆಂಬುದನ್ನು ಬಲ್ಲವರು ವಿರಳ. ಆದುದರಿಂದ ಪುಸ್ತಕವನ್ನು ಹಿಡಿದವರು ಆ 21 ದಿನಗಳು ಮೀರುವ ಮೊದಲೇ ಹೊಸ ಹೆಸರುಗಳನ್ನು ಪಂಚಾಯಿತಿಗೆ ಒಪ್ಪಿಸಿ, ನೋಂದಣಿ ಸಂಖ್ಯೆಯ ಅಂಕಣವು ಖಾಲಿಯಿರುವ ಮನೆಗಳವರನ್ನು ಎಚ್ಚರಿಸತಕ್ಕದ್ದು.

ಪತ್ರಿಕೆಯ ಸ್ಥಳವು ಮಿತವಾದುದರಿಂದ ಉಳಿದವನ್ನು ಸಂಗ್ರಹವಾಗಿ ಹೇಳುತ್ತೇನೆ. ಹಳೆಯ ಸಮಾಧಿಯ ಮೇಲೆ ಅದೇ ಮನೆಯವರನ್ನು ಮತ್ತೆ ಇಡಬಹುದೇ, ಎಷ್ಟು ವರ್ಷಗಳ ಬಳಿಕ, ಕಲ್ಲುಮಂಟಪ ಕಟ್ಟಬಹುದೇ ಎಂಬುವನ್ನು ಗ್ರಾಮಸಭೆಯು ಮೊದಲೇ ನಿರ್ಣಯಿಸಿರಲಿ. ಶವವು ಬಂದ ಮೇಲೆ ಚರ್ಚಿಸಬಾರದು. ಮಂಟಪಗಳಿಗೆ ಎಡೆಗೊಟ್ಟರೆ ಸಿರಿವಂತರು ಹತ್ತು ಮಂದಿಯ ಜಾಗವನ್ನು ಒಬ್ಬರಿಗಾಗಿ ಹಿಡಿಯುತ್ತಾರೆ. ಹೊಸ ಸ್ಥಳವನ್ನು ಆರಿಸುವಾಗ, ಕುಡಿಯುವ ನೀರಿನ ಬಾವಿ ಕೊಳವೆಬಾವಿಗಳಿಂದ 250 ಮೀಟರು ದೂರವಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 1998ರಲ್ಲಿ ಪ್ರಕಟಿಸಿದ ವರದಿಯು ಹೇಳುತ್ತದೆ. ಸ್ವಂತ ತೋಟದಲ್ಲಿ ಮಣ್ಣು ಮಾಡುವವರು ಆ ಸ್ಥಾನವನ್ನು ಮನೆಯ ಭೂದಾಖಲೆಗಳ ಜೊತೆಯಲ್ಲಿ ನಕ್ಷೆ ಬರೆದಿಡಲಿ. ಭೂಮಿಯನ್ನು ಮಾರಿದ ಮೇಲೆ ಎಡೆಯಿಡಲು ಹೋದವರನ್ನು ಕೊಂಡವರು ಒಳಗೆ ಬಿಡದಿದ್ದುದನ್ನು ಕಂಡಿದ್ದೇನೆ. ಪುಸ್ತಕದ ಎರಡನೆಯ ಪ್ರತಿಯು ಪಂಚಾಯಿತಿಯಲ್ಲಿರಲಿ, ಪುಟಗಳ ಫೋಟೋ ನಾಲ್ವರ ಬಳಿ ಇರಲಿ.

ಹಳೆಯ ಸಮಾಧಿಗಳನ್ನು ಬರೆಯುವುದಕ್ಕೆ ಮಹಾಲಯ ಅಮಾವಾಸ್ಯೆಗಿಂತ ಒಳ್ಳೆಯ ದಿನವಿಲ್ಲ. ಅಂದು ಬೆಂಗಳೂರಿಗೆ ಹೋದ ಮಕ್ಕಳೂ ಊರಿಗೆ ಬಂದಿರುತ್ತಾರೆ, ತಮ್ಮ ತಮ್ಮ ಹಿರಿಯರ ಜಾಗವನ್ನು ತೋರಿಸಬಲ್ಲ ಮುದುಕರು ಇನ್ನೂ ಒಬ್ಬಿಬ್ಬರು ಇದ್ದಾರೆ. ಬರುವ ಅಮಾವಾಸ್ಯೆಯ ಬೆಳಗ್ಗೆ ಪುಸ್ತಕವನ್ನೂ ಎರಡು ಟೇಪುಗಳನ್ನೂ ಹಿಡಿದು ನಿಮ್ಮ ಊರಿನ ಸ್ಮಶಾನದಲ್ಲಿ ಕುಳಿತುಕೊಳ್ಳಿರೆಂದು ಬೇಡುತ್ತೇನೆ.