ನಿಷೇಧ ಮತ್ತು ವಿವೇಕ

ದುಶ್ಚಟಗಳನ್ನು ಸರಕಾರವು ನಿಷೇಧಿಸಬೇಕೇ, ವ್ಯಕ್ತಿಯ ವಿವೇಕಕ್ಕೆ ಬಿಡಬೇಕೇ? ಅಂದು ಮುಂಬಯಿ ರಾಜ್ಯದಲ್ಲಿದ್ದ ನಮ್ಮ ಹುಬ್ಬಳ್ಳಿಗೆ 1949ರ ಪಾನನಿಷೇಧ ಕಾಯಿದೆಯು ಅನ್ವಯಿಸಿತ್ತು. ಕರ್ನಾಟಕವು 2007ರಲ್ಲಿ ಸಾರಾಯಿಯನ್ನೂ 2013ರಲ್ಲಿ ಗುಟಖಾವನ್ನೂ ನಿಷೇಧಿಸಿತು. ಆದರೆ ಗುಟಖಾ ನಿಂತೊಡನೆ ಪಾನ್ ಮಸಾಲೆಯೂ ತಂಬಾಕೂ ಬೇರೆಬೇರೆ ಪೊಟ್ಟಣಗಳಲ್ಲಿ ಬಂದವು. ಬೆರೆಸುವ ಕೆಲಸವಷ್ಟೇ ಕೊಳ್ಳುವವನ ಪಾಲಿಗೆ ಬಂದಿತು. ಕಾಯಿದೆಯ ಮಿತಿ ಇದು.

ಹಾಗೆಂದು ಕಾಯಿದೆಯು ವ್ಯರ್ಥವಲ್ಲ. ವಿವೇಕ ಬಲಿಯುವ ಮುನ್ನವೇ ಅಂಟಿದ ಚಟವನ್ನು ಸ್ವಂತ ಆಯ್ಕೆಯೆನ್ನಲಾಗದು. ಶಾಲೆಯ ಸುತ್ತ 100 ಗಜದೊಳಗೆ ತಂಬಾಕಿನ ಮಾರಾಟವನ್ನು 2003ರ ಕೇಂದ್ರ ಕಾಯಿದೆಯು ತಡೆದುದು ಬಾಲಕರ ಸ್ವಾತಂತ್ರ್ಯದ ರಕ್ಷಣೆಯೇ ಸರಿ. ಆದರೆ ಆ 100 ಗಜದಾಚೆ ದುರ್ಗದಬೈಲಿನಂಥ ಪೇಟೆಯಿದೆ. ಮಾರುವ ಕೈಯನ್ನು ಸರಕಾರವು ತಡೆಯಲಿ. ಚಾಚಿದ ಕೈಯನ್ನು ಹಿಂದೆಗೆಯುವ ಮನೋಬಲವನ್ನು ಮನೆಯೂ ಶಾಲೆಯೂ ಬೆಳೆಸಬೇಕು.