ಎಫ್‌ಸಿ ತಾರೀಕು ನಿಮ್ಮ ಕೈಯಲ್ಲಿರಲಿ

ಯಾವ ಬಸ್ಸಿನ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಯಾವತ್ತು ಮುಗಿಯುತ್ತದೆಂದು ನೋಡಿಕೊಳ್ಳಲು ಆರ್‌ಟಿಸಿ ಡಿಪೋಗಳಲ್ಲಿ ಸಿಬ್ಬಂದಿ ಇರುತ್ತಾರೆ. ಎರಡು ಲಾರಿ, ಒಂದು ಸ್ಕೂಲ್ ಬಸ್ ಇಟ್ಟುಕೊಂಡವರಿಗೆ ಗುಮಾಸ್ತನೂ ಅವರೇ, ಮೇಸ್ತ್ರಿಯೂ ಅವರೇ. ಬಳ್ಳಾರಿ, ರಾಯಚೂರಿನಿಂದ ಆಂಧ್ರಕ್ಕೆ ಲೋಡ್ ಹಾಕುವ ಓನರ್‌ಗಳ ಪಾಡೂ ಅದೇ. ಈ ಸೂತ್ರಗಳು ಅವರಿಗಾಗಿ.

1. ಗಾಡಿಯ ವಯಸ್ಸು ನೋಡಿ. 2018ರಲ್ಲಿ ತಿದ್ದಿದ ನಿಯಮದಂತೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಎಂಟು ದಾಟಿದರೆ ಪ್ರತಿವರ್ಷ. ಮರೆವಿನ ದಂಡ ಹೆಚ್ಚಾಗಿ ಬೀಳುವುದು ಈ ತಿರುವಿನಲ್ಲೇ.

2. ತಿಂಗಳ ಮುಂಚೆ ಕೆಲಸ ಶುರುವಾಗಲಿ. ಕೊನೆಯ ವಾರದಲ್ಲಿ ಟೆಸ್ಟಿಗೆ ಹೋಗಿ ಫೇಲಾದರೆ ರಿಪೇರಿಗೆ ದಿನ ಸಿಗದು. ಅವಧಿ ಮುಗಿದ ಮೇಲೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕ. ಅದು ಸಣ್ಣ ಮಾತು. ಮೋಟಾರು ವಾಹನ ಕಾಯ್ದೆಯ 56ನೇ ಸೆಕ್ಷನ್ ಪ್ರಕಾರ ಎಫ್‌ಸಿ ಇಲ್ಲದ ಗಾಡಿಯ ನೋಂದಣಿಯೇ ಊರ್ಜಿತವಲ್ಲ. ಅಪಘಾತವಾದರೆ ಇನ್ಶೂರೆನ್ಸ್ ಕಂಪನಿ ಕೇಳುವ ಕಾಗದಗಳಲ್ಲಿ ಎಫ್‌ಸಿಯೂ ಒಂದು.

3. ಸೀಸನ್ ನೋಡಿ ಸ್ಲಾಟ್ ಹಿಡಿಯಿರಿ. ಆಂಧ್ರದಲ್ಲಿ ಸ್ಕೂಲ್ ಬಸ್ಸುಗಳ ಎಫ್‌ಸಿ ಮೇ 15ಕ್ಕೆ ಮುಗಿಯುತ್ತದೆ. ಜೂನ್‌ನಲ್ಲಿ ಶಾಲೆ ತೆರೆಯುವಷ್ಟರಲ್ಲಿ ಎಲ್ಲವೂ ಸಾಲಿನಲ್ಲಿ ನಿಂತಿರುತ್ತವೆ. ಲಾರಿಯವರು ಆ ನಾಲ್ಕು ವಾರ ಬಿಟ್ಟುಬಿಡಿ. ಆಗಲೇ ನೂಜಿವೀಡಿನ ಮಾವಿನ ಲೋಡೂ ಇರುತ್ತದೆ, ಬಾಡಿಗೆ ಯಾಕೆ ಕಳೆದುಕೊಳ್ಳುತ್ತೀರಿ? ಬಸ್ಸಿನವರು ಸಂಕ್ರಾಂತಿಯ ಹದಿನೈದು ದಿನ ತಪ್ಪಿಸಿ.

4. ಮೊದಲು ಆಟೋನಗರ, ಆಮೇಲೆ ಟೆಸ್ಟು. ವಿಜಯವಾಡದ ಆಟೋನಗರದಲ್ಲಿ ಬಾಡಿ ಕಟ್ಟುವವರಿಂದ ಹಿಡಿದು ಲೈನಿಂಗ್ ಹೊಡೆಯುವವರವರೆಗೆ ಎಲ್ಲರೂ ಸಿಗುತ್ತಾರೆ. ವಿಶಾಖಪಟ್ಟಣದವರಿಗೆ ಗಾಜುವಾಕ ಇದೆ. ಬ್ರೇಕ್ ಡ್ರಮ್ ಬಿಚ್ಚಿಸಿ, ಎದುರಿಗೇ ನಿಂತು ನೋಡಿ. ಗ್ರೀಸ್ ಸೀಲ್ ಸೋರಿ ಲೈನಿಂಗ್ ಕಪ್ಪಗೆ ಮಿರಮಿರ ಮಿಂಚುತ್ತಿದ್ದರೆ ಆ ಚಕ್ರ ಹಿಡಿಯುವುದಿಲ್ಲ, ಗಾಡಿ ಇನ್ನೊಂದು ಬದಿಗೆ ಎಳೆಯುತ್ತದೆ. ಯಂತ್ರದ ಟೆಸ್ಟಿಂಗ್ ಸ್ಟೇಷನ್‌ನ ರೋಲರ್ ಮೇಲೆ ಈ ವ್ಯತ್ಯಾಸ ತಕ್ಷಣ ಗೊತ್ತಾಗುತ್ತದೆ. ಎಂಜಿನ್ ಆಫ್ ಮಾಡಿ ಬ್ರೇಕ್ ಒತ್ತಿ ಹಿಡಿದು ಕಿವಿಗೊಡಿ. ಬುಸ್ ಎಂದರೆ ಏರ್ ಲೀಕ್. ಏರ್ ಟ್ಯಾಂಕಿನ ನೀರು ಬಿಡಿ. ಟಯರಿನ ತೋಡಿನ ಆಳ 1.6 ಮಿಲಿಮೀಟರಿಗಿಂತ ಕಡಿಮೆ ಇರಕೂಡದು. ರಿಫ್ಲೆಕ್ಟರ್ ಟೇಪ್ ಮುಂದೆ ಬಿಳಿ, ಪಕ್ಕದಲ್ಲಿ ಹಳದಿ, ಹಿಂದೆ ಕೆಂಪು. 2024ರ ಸೆಪ್ಟೆಂಬರ್‌ನಲ್ಲಿ ವಿಜಯವಾಡದ ಬುಡಮೇರು ಹಳ್ಳದ ಪ್ರವಾಹದಲ್ಲಿ ಮುಳುಗಿ ಎದ್ದ ಗಾಡಿಯಾದರೆ ವೈರಿಂಗ್ ಪೂರ್ತಿ ತೋರಿಸಿ.

5. ಬಾಡಿಗೆ ಟಯರ್ ಬೇಡ. ಬೆಳಗ್ಗೆ ಹೊಸ ಟಯರ್ ಹಾಕಿಸಿ, ಬ್ರೇಕ್ ಇನ್ಸ್‌ಪೆಕ್ಟರ್ ಮುಂದೆ ನಿಲ್ಲಿಸಿ, ಸಂಜೆ ಬಿಚ್ಚಿ ಕೊಡುವ ಚಾಳಿ ಕರ್ನಾಟಕ, ಆಂಧ್ರ ಎರಡೂ ರಾಜ್ಯಗಳಲ್ಲಿದೆ. ಇದು ಜಾಣತನವಲ್ಲ, ಮೋಸ. ಮೊದಲು ಮೋಸಹೋಗುವವನು ಸ್ಟೀರಿಂಗ್ ಹಿಡಿದ ಡ್ರೈವರ್.

6. ಬಸ್ಸಿನವರು ತುರ್ತು ಬಾಗಿಲನ್ನು ಕೈಯಾರೆ ತೆಗೆದು ನೋಡಿ. 2013ರ ಅಕ್ಟೋಬರ್ 30ರಂದು ಆಗಿನ ಮಹಬೂಬ್‌ನಗರ ಜಿಲ್ಲೆಯ ಪಾಲೆಂನಲ್ಲಿ ಬೆಂಗಳೂರು–ಹೈದರಾಬಾದ್ ಬಸ್ ಹೊತ್ತಿ ಉರಿದು 45 ಜನ ಸತ್ತರು. 2025ರ ಅಕ್ಟೋಬರ್‌ನಲ್ಲಿ ಅದೇ ಹೆದ್ದಾರಿಯಲ್ಲಿ, ಕರ್ನೂಲಿನ ಹತ್ತಿರ ಮತ್ತೊಂದು ಬಸ್ ಸುಟ್ಟುಹೋಯಿತು. ತುರ್ತು ಬಾಗಿಲಿಗೆ ಅಡ್ಡಲಾಗಿ ಸೀಟು ಹಾಕಿಸಿದ್ದರೆ ಇವತ್ತೇ ಕೀಳಿಸಿ. ಗಾಜು ಒಡೆಯುವ ಸುತ್ತಿಗೆ ಡ್ರೈವರ್ ಡಬ್ಬದಲ್ಲಲ್ಲ, ಕಿಟಕಿಯ ಪಕ್ಕದಲ್ಲಿರಬೇಕು.

7. ಇನ್ಶೂರೆನ್ಸ್, ಟ್ಯಾಕ್ಸ್, ಹೊಗೆ ಸರ್ಟಿಫಿಕೇಟ್, ಪರ್ಮಿಟ್ ಒಂದೇ ಫೈಲಿನಲ್ಲಿಡಿ. ಬಾಕಿ ಚಲನ್ ಕಟ್ಟಿ.

8. ಟೆಸ್ಟಿಗೆ ಬ್ರೋಕರ್ ಜೊತೆ ಗಾಡಿ ಕಳಿಸಬೇಡಿ, ದಿನಾ ಓಡಿಸುವ ಡ್ರೈವರನ್ನೇ ಕಳಿಸಿ. ಬ್ರೇಕ್ ಯಾವಾಗ ಜಗ್ಗುತ್ತದೆ, ಸ್ಟೀರಿಂಗ್ ಎಲ್ಲಿ ಅದುರುತ್ತದೆ ಎಂದು ಗೊತ್ತಿರುವುದು ಅವನಿಗೆ. ಸ್ಲಾಟ್ ಬುಕ್ ಮಾಡುವ ಮುಂಚೆ ಅವನನ್ನು ಕೂರಿಸಿಕೊಂಡು ಕೇಳಿ, ಹೇಳಿದ್ದನ್ನು ಬರೆದುಕೊಳ್ಳಿ.