ಚದುರಂಗದ ಧಾನ್ಯರಾಶಿ ಮತ್ತು 641

ಚದುರಂಗದ ಮಣೆಯ ಮೊದಲ ಮನೆಗೆ ಒಂದು ಕಾಳು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು, ಹೀಗೆ ಇಮ್ಮಡಿಸುತ್ತ ಅರವತ್ತನಾಲ್ಕು ಮನೆಗಳನ್ನೂ ತುಂಬಿಸಬೇಕೆಂದು ಅರಸನನ್ನು ಬೇಡಿದ ಜಾಣನ ಕಥೆಯನ್ನು ವಾಚಕರು ಬಾಲ್ಯದಲ್ಲಿಯೇ ಕೇಳಿರಬಹುದು. ಆ ಕಾಳುಗಳ ಒಟ್ಟು ಮೊತ್ತ 18446744073709551615, ಅಂದರೆ 2⁶⁴ಕ್ಕಿಂತ ಒಂದು ಕಡಿಮೆ. ಸಾವಿರ ಅಕ್ಕಿಕಾಳುಗಳ ತೂಕ 20 ಗ್ರಾಂ ಎಂದು ಹಿಡಿದರೆ ಇದು ಸುಮಾರು 37,000 ಕೋಟಿ ಟನ್ನು. ಚಕ್ರಬಡ್ಡಿಯ ಮಹಿಮೆಯನ್ನು ಬಲ್ಲ ನಮ್ಮಂಥ ಬ್ಯಾಂಕಿನವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಅಚ್ಚರಿ ಇರುವುದು ಈ ಸಂಖ್ಯೆಯ ಒಡಲೊಳಗೆ.

ಕೊನೆಯ ಅಂಕಿ 5 ಆದುದರಿಂದ ಇದು 5ರಿಂದ ಭಾಗವಾಗುತ್ತದೆ. ಅಂಕಿಗಳನ್ನೆಲ್ಲ ಕೂಡಿದರೆ 87. ಆದುದರಿಂದ 3ರಿಂದ ಭಾಗವಾಗುತ್ತದೆ, 9ರಿಂದ ಆಗದು. ಮುಂದಿನದಕ್ಕೆ ಶಾಲೆಯಲ್ಲಿ ಕಲಿತ ಸೂತ್ರವೇ ಸಾಕು: ಎರಡು ವರ್ಗಗಳ ವ್ಯತ್ಯಾಸವು ಅವುಗಳ ಮೂಲಗಳ ಮೊತ್ತ ಮತ್ತು ವ್ಯತ್ಯಾಸಗಳ ಗುಣಲಬ್ಧಕ್ಕೆ ಸಮ. ಇದನ್ನು ಮತ್ತೆ ಮತ್ತೆ ಪ್ರಯೋಗಿಸಿದರೆ ನಮ್ಮ ಸಂಖ್ಯೆಯು 3 × 5 × 17 × 257 × 65537 × 4294967297 ಎಂದು ಬಿಡಿಬಿಡಿಯಾಗುತ್ತದೆ. ಇವುಗಳಲ್ಲಿ ಯಾವುದರಿಂದಲೇ ಆಗಲಿ 1 ಕಳೆದು, ವರ್ಗ ಮಾಡಿ, 1 ಕೂಡಿಸಿದರೆ ಅದರ ಮುಂದಿನದು ದೊರೆಯುತ್ತದೆ.

ಮೊದಲ ಐದೂ ಅವಿಭಾಜ್ಯ ಸಂಖ್ಯೆಗಳು. ಈ ಶ್ರೇಣಿಯ ಎಲ್ಲ ಸಂಖ್ಯೆಗಳೂ ಹಾಗೆಯೇ ಇರಬೇಕೆಂದು ಫ್ರಾನ್ಸಿನ ಫರ್ಮಾ 1640ರಲ್ಲಿ ನಂಬಿದನು. ಆತನು ವೃತ್ತಿಯಿಂದ ನ್ಯಾಯಾಧಿಕಾರಿ. ಗಣಿತ ಅವನ ಬಿಡುವಿನ ವ್ಯಾಸಂಗ. ಅವನನ್ನು ನಗುವ ಅಧಿಕಾರ ನನಗಿಲ್ಲ. ಹೊಸದಾಗಿ ಅಧಿಕಾರಿಯಾದಾಗ ನಾನೂ ಒಮ್ಮೆ ಐದು ವೋಚರುಗಳನ್ನು ತಾಳೆ ನೋಡಿ, ಉಳಿದ ಕಟ್ಟಿಗೆಲ್ಲ ಸಹಿ ಹಾಕಿದ್ದೆ. ತಪ್ಪು ಆರನೆಯದರಲ್ಲಿಯೇ ಇದ್ದಿತು! ಅಂದು ಶಾಖೆಯ ಸಿಬ್ಬಂದಿಯೆಲ್ಲ ಕೊನೆಯ ಲೋಕಲ್ ಗಾಡಿಯಲ್ಲಿ ಮನೆ ಸೇರಬೇಕಾಯಿತು.

1732ರಲ್ಲಿ ಆಯ್ಲರನು ಆರನೆಯ ಸಂಖ್ಯೆಯನ್ನು ಒಡೆದನು: 4294967297 = 641 × 6700417. ಅದಕ್ಕೆ ಅವಿಭಾಜ್ಯ ಅಪವರ್ತನವಿದ್ದರೆ, ಅದನ್ನು 64ರಿಂದ ಭಾಗಿಸಿದಾಗ 1 ಉಳಿಯಲೇಬೇಕು. ಅಂಥವು ಅನುಕ್ರಮವಾಗಿ 193, 257, 449, 577, 641. ಐದನೆಯ ಪ್ರಯತ್ನದಲ್ಲಿಯೇ ಬೀಗ ತೆರೆಯಿತು.

ಭಾಗಾಕಾರ ಮಾಡದೆಯೂ ಇದನ್ನು ಕಾಣಬಹುದು. 4294967297 ಎಂದರೆ 2³² + 1. ಈಗ 640 = 5 × 2⁷; ಇದು 641ಕ್ಕಿಂತ 1 ಕಡಿಮೆ, ಆದುದರಿಂದ ಇದರ ಶೇಷವನ್ನು ಋಣ 1 ಎನ್ನೋಣ. ನಾಲ್ಕು 640ಗಳನ್ನು ಒಂದಕ್ಕೊಂದು ಗುಣಿಸಿದರೆ ಶೇಷ ಧನ 1. ಆ ಗುಣಲಬ್ಧವೇ 625 × 2²⁸. ಆದರೆ 641 = 625 + 16; ಶೇಷದ ಲೆಕ್ಕದಲ್ಲಿ 625ರ ಸ್ಥಾನದಲ್ಲಿ ಋಣ 16, ಅಂದರೆ ಋಣ 2⁴, ಇರಿಸಬಹುದು. ಆಗ ಋಣ 2³²ರ ಶೇಷ 1 ಎಂದಾಯಿತು. ಆದುದರಿಂದ 2³²ಕ್ಕೆ 1 ಕೂಡಿಸಿದರೆ ಏನೂ ಉಳಿಯದು.

6700417 ಅವಿಭಾಜ್ಯ, ಹೀಗೆ ಅರಸನ ಧಾನ್ಯರಾಶಿಯು ಏಳು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ನಿಲ್ಲುತ್ತದೆ. ಫರ್ಮಾನ ಶ್ರೇಣಿಯಲ್ಲಿ 65537ರ ಮುಂದೆ ಇನ್ನೊಂದು ಅವಿಭಾಜ್ಯ ಸಂಖ್ಯೆ ಇಂದಿನವರೆಗೂ ದೊರೆತಿಲ್ಲ. ಇಲ್ಲವೇ ಇಲ್ಲವೆಂದು ಸಾಧಿಸಿದವರೂ ಇಲ್ಲ.